ಚೀನೀ ರೋಗಿಗಳ ಕೊನೆಗಾಲದ ಆರೈಕೆ: ಸಿಂಗಪುರದ ಕನ್ನಡ ನರ್ಸ್‌ಗಳ ಚಾಟ್ ಗುಂಪಿನಲ್ಲಿ ಪ್ರಶ್ನೆ, ಡಾಕ್ಟರ ಉತ್ತರ

ರೇಖಾ: ನಮಸ್ಕಾರ ಡಾಕ್ಟ್ರೇ. ಅಜ್ಜಿಗೆ ಅರೆಬರೆ ಎಚ್ಚರ. ಮಗಳು ಗಂಟೆಗೊಮ್ಮೆ ಗಂಜಿ ಬಾಯಿಗಿಡ್ತಾರೆ. ಹಸಿದು ಸತ್ತರೆ ಹಸಿದ ಪ್ರೇತವಾಗಿ ಅಲೀತಾರೆ ಅನ್ನೋ ಭಯ. ಹೇಗೆ ತಡೀಲಿ?

ಡಾಕ್ಟರ್: ಬರೀ ತಡೆದರೆ ಜಗಳ ಆಗುತ್ತೆ. ಮಗಳಿಗೆ ಬೇರೆ ಕೆಲಸ ಕೊಡಿ. ಪೂರ್ತಿ ಎಚ್ಚರ ಇದ್ದಾಗ ಮಾತ್ರ ನೆಟ್ಟಗೆ ಕೂರಿಸಿ ಅರ್ಧ ಚಮಚ, ನುಂಗಿದ್ದು ನೋಡಿ ಮುಂದಿನದು. ಕೆಮ್ಮು, ಗೊರಗೊರ ದನಿ ಬಂದರೆ ನಿಲ್ಲಿಸಿ, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತೆ. ಎಚ್ಚರ ಇಲ್ಲದಾಗ ಸ್ಪಂಜ್ ಕಡ್ಡಿಯನ್ನು ಅಜ್ಜಿಗೆ ಇಷ್ಟದ ಸೂಪಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ, ಒಸಡು ಒರೆಸಲಿ.

ಎಂ.ಎಸ್.: 74ರ ತಾತ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ‘ಅಪ್ಪನಿಗೆ ಹೇಳಬೇಡಿ’ ಅಂತಾನೆ ಹಿರಿಮಗ. ತಾತನೂ ಕೇಳಲ್ಲ. ಎದೆ ಬಿಗಿ ಅಂತಾರೆ, ನಿದ್ದೆ ಇಲ್ಲ. ಮೊನ್ನೆ ಪಾಸ್‌ಬುಕ್ ಹೆಂಡತಿ ಕೈಗಿಟ್ಟರು.

ಡಾಕ್ಟರ್: ಈ ತಾತನ ಬಗ್ಗೆ ನನಗೆ ಆತಂಕ ಇದೆ. ಅವರಿಗೆ ಗೊತ್ತಿದೆ ಅಂತಲೇ ಇಟ್ಕೊಳ್ಳಿ. ಅಪ್ಪ ಕುಗ್ಗದಿರಲಿ ಅಂತ ಮಕ್ಕಳು, ಮಕ್ಕಳು ಕುಗ್ಗದಿರಲಿ ಅಂತ ಅಪ್ಪ, ಎಲ್ಲರೂ ಬಾಯಿ ಮುಚ್ಚಿದ್ದಾರೆ. ಮೊದಲು ಎದೆ ನೋಡಿಸಿ: ನೀರು ತುಂಬಿರಬಹುದು, ಈ ಕ್ಯಾನ್ಸರಿನಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದೂ ಉಂಟು. ಅದೇನೂ ಇಲ್ಲ ಅಂದರೆ ಮನಸ್ಸಿನ ಕಡೆ ಬನ್ನಿ. ‘ಬೇಜಾರಾ?’ ಅಂದರೆ ಇಲ್ಲ ಅಂತಾರೆ. ‘ನಿದ್ದೆ ಬರದಾಗ ಏನು ಯೋಚನೆ ಬರುತ್ತೆ?’ ಅಂತ ಕೇಳಿ. ‘ಮಕ್ಕಳಿಗೆ ಭಾರ ಆದೆ’ ಅಂದರೆ, ಪ್ರಾಣ ಕಳ್ಕೊಳ್ಳೋ ಯೋಚನೆ ಇದೆಯಾ ಅಂತ ನೇರ ಕೇಳಿ. ಇದ್ದರೆ ಒಂಟಿ ಬಿಡಬೇಡಿ, ಮಾತ್ರೆ ಡಬ್ಬಿ ಎತ್ತಿಡಿಸಿ, ಅವತ್ತೇ ಕೊನೆಗಾಲದ ಆರೈಕೆಯ ಹಾಸ್ಪಿಸ್ ತಂಡಕ್ಕೆ ಫೋನ್ ಮಾಡಿ.

ಆಮೇಲೆ ಮಗ. ‘ಹೇಳಿದರೆ ಏನಾಗುತ್ತೆ ಅಂತ ಭಯ?’ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ‘ನಾನಾಗಿ ಬಾಯಿ ಬಿಡಲ್ಲ, ಅವರೇ ಕೇಳಿದರೆ ಸುಳ್ಳೂ ಹೇಳಲ್ಲ’ ಅನ್ನಿ. ನಂತರ ಮಗನ ಎದುರಿಗೇ ತಾತನನ್ನು ಕೇಳಿ: ‘ಕಾಯಿಲೆ ವಿಷಯ ನಿಮಗೇ ಹೇಳಬೇಕಾ, ಮಗನಿಗೆ ಹೇಳಿದರೆ ಸಾಕಾ?’ ಮಗನಿಗೇ ಹೇಳಿ ಅಂದರೆ ಅದೂ ಅವರದೇ ತೀರ್ಮಾನ. ತಾತನ ಚೀನೀ ನುಡಿ ಹೊಕ್ಕಿಯನ್ ಬಲ್ಲ ಸಿಬ್ಬಂದಿ ಜೊತೆಗಿರಲಿ, ಮೊಮ್ಮಗಳ ಕೈಲಿ ಈ ಮಾತು ಆಡಿಸಬೇಡಿ.

ಕಿರಣ್: ಹೇಳಿದರೆ ಜೀವವೇ ಹಾರಿಹೋಗುತ್ತೆ. ಚೀನಾದಲ್ಲಿ ಮನೆಯವರಿಗೆ ಹೇಳೋದೇ ಕಾನೂನು.

ಸವಿತಾ: ಅರ್ಧ ಓದಿದ್ದೀರಿ. 2021ರಲ್ಲಿ ಜಾರಿಗೆ ಬಂದ ಅಲ್ಲಿನ ನಾಗರಿಕ ಸಂಹಿತೆಯಲ್ಲಿ ಮೊದಲು ರೋಗಿ. ಅವರಿಗೆ ಹೇಳೋಕಾಗದಿದ್ದರೆ, ಹೇಳೋದು ಸೂಕ್ತವಲ್ಲದಿದ್ದರೆ ಹತ್ತಿರದ ಬಂಧುಗಳು. ಅಲ್ಲದೆ ಇದು ಸಿಂಗಪುರ.

ಕಿರಣ್: ಕಾನೂನು ಬದಿಗಿಡಿ ಮೇಡಂ, ಆ ಮಗನ ಮುಖ ನೋಡಿ.

ಸವಿತಾ: ತಾತನ ಮುಖ ಯಾರು ನೋಡಬೇಕು?

ಪ್ರಕಾಶ್: ಫಾರ್ವರ್ಡ್ ಬಂದಿದೆ: ಕಹಿ ಏಪ್ರಿಕಾಟ್ ಬೀಜ ತಿಂದರೆ ಕ್ಯಾನ್ಸರ್ ಮಾಯ!

ಡಾಕ್ಟರ್: ಅಳಿಸಿ. ಅದರಲ್ಲಿರೋ ಅಮಿಗ್ಡಲಿನ್‌ನಿಂದ ಹೊಟ್ಟೆಯಲ್ಲಿ ಸಯನೈಡ್ ಹುಟ್ಟುತ್ತೆ. ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆ ತಗೊಳ್ಳೋರಿಗೆ ದಾಂಗ್ ಗುಯಿ ಅನ್ನೋ ಚೀನೀ ಔಷಧಿ ಬೇರಿನ ಸೂಪೂ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಮನೇಲಿ ಏನು ಕುದಿಸ್ತಿದ್ದಾರೆ ಅಂತ ಬೈಯದೆ ಕೇಳಿ. ಬೈದರೆ ಕದ್ದು ಕುಡಿಸ್ತಾರೆ.

ಪ್ರಕಾಶ್: ನೈಸರ್ಗಿಕ ಅಲ್ವಾ?

ಡಾಕ್ಟರ್: ವಿಷ. ಇಲ್ಲಿ ಮತ್ತೆ ಹಾಕಬೇಡಿ.

ದೀಪಾ: ಗಂಜಿ ತಿನ್ನಿಸೋದು ಬಿಡಿಸೋದು ಹೇಗೆ?

ಡಾಕ್ಟರ್: ಮೇಲೆ ಓದಿ.

ಉಷಾ: ನನ್ನ ರೋಗಿಯನ್ನು ರಾತ್ರಿಯೆಲ್ಲ ನೋಡ್ಕೊಳ್ಳೋದು ಮನೆಗೆಲಸದ ಇಂಡೋನೇಷ್ಯಾ ಹುಡುಗಿ. ಈಗ ಅವಳೇ ಊಟ ಬಿಟ್ಟಿದ್ದಾಳೆ. ಅವಳಿಗೆ ಯಾರು ದಿಕ್ಕು?

ಕಿರಣ್: ಡಾಕ್ಟರೂ ಸವಿತಾ ಕಡೆಯೇ.

ಮಂಜುಳಾ: ಮಾರ್ಫಿನ್ ಕೊಟ್ಟರೆ ಬೇಗ ಹೋಗ್ತಾರೆ ಅಂತ ಮಗ ಡೋಸ್ ತಪ್ಪಿಸ್ತಾನೆ.

ಡಾಕ್ಟರ್: ಎಷ್ಟು ಸಲ ಹೇಳಲಿ? ನೋವಿಗೆ ತಕ್ಕಂತೆ ಏರಿಸಿಕೊಂಡು ಹೋದರೆ ಬೇಗ ಹೋಗಲ್ಲ. ಮೊದಲ ದಿನದಿಂದಲೇ ಮಲ ಸಡಿಲಿಸೋ ಸೆನ್ನಾ ಕೊಡಿ. ಮಲ ಕಟ್ಟಿದರೆ ಮನೆಯವರು ಮಾರ್ಫಿನ್ನನ್ನೇ ನಿಲ್ಲಿಸ್ತಾರೆ. ಕಿರಣ್, ನಿಮ್ಮ ವಾದ ಗುಂಪಿನ ಹೊರಗೆ.