30 ವರ್ಷದ ನೀರು-ಚರಂಡಿ ಯೋಜನೆ: ಮೊದಲ ವರ್ಷವೇ ಖರ್ಚಿನ ಗುಡ್ಡ ಬರುತ್ತಿದೆ, ಎಲ್ಲಿ ತಪ್ಪಿದ್ದೇನೆ?

ಕೋಥ್ರೂಡ್ ಕನ್ನಡಿಗ:
ನಮಸ್ಕಾರ. ಪುಣೆಯ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಇದ್ದೇನೆ. ಹತ್ತಿರದ ಊರಿನ ನಗರ ಪರಿಷತ್ತಿಗೆ ನೀರು, ಒಳಚರಂಡಿ, ಮಳೆನೀರು ಚರಂಡಿ ಮೂರಕ್ಕೂ ಸೇರಿಸಿ 30 ವರ್ಷದ ಖರ್ಚಿನ ಯೋಜನೆ ಮಾಡುತ್ತಿದ್ದೇವೆ. ಎಕ್ಸೆಲ್‌ನಲ್ಲಿ ಪ್ರತಿ ಪೈಪಿಗೂ ಒಂದು ಸಾಲು. ಹಾಕಿದ ದಿನಾಂಕದಿಂದ ವರ್ಷ ತೆಗೆದು ಆಯಸ್ಸು ಕೂಡಿಸಿದರೆ ಬದಲಿಸುವ ವರ್ಷ ಸಿಗಬೇಕು, ಅಲ್ವಾ? ಗ್ರಾಫ್ ನೋಡಿದರೆ ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷಕ್ಕೇ ಬಂದು ಕೂತಿದೆ. ಆಮೇಲೆ ಸುಮಾರು ವರ್ಷ ಖಾಲಿ. ಕೊನೆಗೆ ಮತ್ತೊಂದು ಗುಡ್ಡ. ಎಲ್ಲಾ ಪೈಪಿಗೂ ಆಯಸ್ಸು 30 ಅಂತ ಹಾಕಿದ್ದೇನೆ, ಸಿಪಿಎಚ್‌ಇಇಒ (ನೀರು-ಒಳಚರಂಡಿಯ ಕೇಂದ್ರ ಸರ್ಕಾರಿ ಸಂಸ್ಥೆ) ಕೈಪಿಡಿ ನೋಡಿ. ಶುಕ್ರವಾರ ತೋರಿಸಬೇಕು.

ನೀರಗಂಟಿ, ಮುಲುಂಡ್:
ತಮ್ಮಾ, ಮೊದಲು ಒಂದು ಫಿಲ್ಟರ್ ಹಾಕು. ಬದಲಿಸುವ ವರ್ಷ 1930 ಅಂತ ಬಂದ ಸಾಲು ಎಷ್ಟಿವೆ?

ಕೋಥ್ರೂಡ್ ಕನ್ನಡಿಗ:
ಸರ್, ಮೂರರಲ್ಲಿ ಒಂದು ಪಾಲು ಅದೇ ಇದೆ! ಹೇಗೆ ಗೊತ್ತಾಯಿತು?

ನೀರಗಂಟಿ, ಮುಲುಂಡ್:
ಅವಕ್ಕೆಲ್ಲ ಹಾಕಿದ ದಿನಾಂಕ ಖಾಲಿ ಇರುತ್ತದೆ. ಖಾಲಿ ಕೋಶದಿಂದ ವರ್ಷ ಕೇಳಿದರೆ ಎಕ್ಸೆಲ್ 1900 ಅನ್ನುತ್ತದೆ. ಅದಕ್ಕೆ 30 ಕೂಡಿಸಿದೆ. ಆ ವರ್ಷ ಎಂದೋ ದಾಟಿದ್ದರಿಂದ ಎಲ್ಲವೂ ಬಾಕಿ ಕೆಲಸ ಅಂತ ಮೊದಲ ವರ್ಷದ ಲೆಕ್ಕಕ್ಕೆ ಸೇರಿತು. ಆ ವರ್ಷಗಳನ್ನು ಅಂದಾಜಿನಲ್ಲಾದರೂ ತುಂಬು. ಬಡಾವಣೆಗೆ ಮಂಜೂರಾತಿ ಸಿಕ್ಕ ವರ್ಷ ನೋಡು. ಊರಿನ ವಾಲ್ವ್‌ಮನ್ (ಗಲ್ಲಿಗಲ್ಲಿಗೆ ನೀರು ಬಿಡುವವರು) ಜೊತೆ ಒಂದು ದಿನ ಓಡಾಡು. ಯಾವ ಗಲ್ಲಿಯಲ್ಲಿ ಯಾವ ಪೈಪು, ಎಲ್ಲಿ ಪದೇ ಪದೇ ಒಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಫೈಲಿನಲ್ಲೂ ಇರುವುದಿಲ್ಲ. ನಾನು ಕೆಲಸ ಕಲಿತದ್ದೇ ಅಂಥವರಿಂದ.

ದೊಡ್ಡ ತಪ್ಪು ಆ 30ರಲ್ಲಿದೆ. ಅದು ಪೈಪಿನ ಆಯಸ್ಸಲ್ಲ. ಮುಂದಿನ 30 ವರ್ಷದ ಜನಸಂಖ್ಯೆಗೆ ಸಾಲುವಷ್ಟು ಅಗಲದ ಪೈಪು ಹಾಕಿ ಅಂತ ಹೇಳುವ ವಿನ್ಯಾಸದ ಅವಧಿ. ಅದೇ ಪಟ್ಟಿಯಲ್ಲಿ ಪಂಪು-ಮೋಟಾರಿಗೆ 15, ಅಣೆಕಟ್ಟಿಗೆ 50 ಇದೆ. 50 ತುಂಬಿತು ಅಂತ ಅಣೆಕಟ್ಟು ಒಡೆಯುತ್ತೇವಾ? ವಿಹಾರ್ ಕೆರೆ 1860ರದ್ದು, ತಾನ್ಸಾ 1892ರದ್ದು. ಮುಂಬೈ ಇವತ್ತಿಗೂ ಆ ನೀರು ಕುಡಿಯುತ್ತಿದೆ. ಒಳ್ಳೆ ಸಿಐ (ಎರಕದ ಕಬ್ಬಿಣದ) ಪೈಪು ನೂರು ವರ್ಷ ದಾಟಿದ್ದನ್ನು ನಾನೇ ಅಗೆಸಿ ನೋಡಿದ್ದೇನೆ. ಮನೆ ಸಂಪರ್ಕದ ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನು ಅದಕ್ಕಿಂತ ಎಷ್ಟೋ ಮೊದಲೇ ತುಕ್ಕು ತಿನ್ನುತ್ತದೆ. ಪೈಪಿನ ಜಾತಿಗೆ ತಕ್ಕಂತೆ ಆಯಸ್ಸು ಬೇರೆ ಬೇರೆ ಇಡು.

ಇನ್ನೊಂದು. ಒಂದೇ ವರ್ಷ ಹುಟ್ಟಿದವರೆಲ್ಲ ಒಂದೇ ವರ್ಷ ಸಾಯುವುದಿಲ್ಲ. ಪೈಪೂ ಹಾಗೇ. ಪರೀಕ್ಷೆಗೆ ಸರಾಸರಿ ಆಯಸ್ಸು 70 ವರ್ಷ, ಆಚೀಚೆ ಹರವು (ಸ್ಟ್ಯಾಂಡರ್ಡ್ ಡೀವಿಯೇಶನ್) 12 ಅಂತ ಇಟ್ಟು ಎಕ್ಸೆಲ್‌ನ ನಾರ್ಮ್‌ಡಿಸ್ಟ್ (NORMDIST) ಸೂತ್ರದಲ್ಲಿ ಪೈಪಿನ ಉದ್ದವನ್ನು ವರ್ಷಗಳಿಗೆ ಹಂಚು. ಈಗಾಗಲೇ 60 ದಾಟಿದ ಪೈಪಾದರೆ, 60ರವರೆಗೆ ಉಳಿಯುವ ಸಾಧ್ಯತೆಯಿಂದ ಭಾಗಿಸಬೇಕು. ಇಲ್ಲದಿದ್ದರೆ ಒಂದಷ್ಟು ಉದ್ದ ಲೆಕ್ಕದಿಂದಲೇ ಮಾಯವಾಗುತ್ತದೆ. ಆಮೇಲೆ ಊರಿನ ಸೋರಿಕೆ ರಿಪೇರಿ ಪುಸ್ತಕ ನೋಡಿ ಆ 70ನ್ನು ತಿದ್ದು.

ಬೆಳಗಾವಿಯವಳು, ವಾಕಡ್:
ಸರ್ ಹೇಳಿದ್ದು ನೀರಿನ ಪೈಪಿಗೆ ಪೂರ್ತಿ ಸರಿ. ಒಳಚರಂಡಿಗೆ ವಯಸ್ಸನ್ನೇ ನಂಬಬೇಡಿ. ಇಳಿಜಾರು ಕಡಿಮೆ ಇದ್ದು ಕೊಳಚೆ ನಿಂತರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಆಮ್ಲವಾಗಿ ಕಾಂಕ್ರೀಟ್ ಪೈಪಿನ ನೆತ್ತಿಯನ್ನು ತಿನ್ನುತ್ತದೆ. ಹೊಸ ಪೈಪೂ ಕುಸಿಯಬಹುದು. ಒಳಗೆ ಕ್ಯಾಮೆರಾ ಬಿಟ್ಟು ನೋಡಲು ಹಣ ಮೊದಲ ವರ್ಷವೇ ಇಡಿ.

ಮಳೆನೀರಿಗಂತೂ ಬೇರೆ ಶೀಟ್ ಬೇಕು. ಅಲ್ಲಿ ಚರಂಡಿ ಗಟ್ಟಿಯಾಗಿದ್ದರೂ ಸಾಲದೇ ಹೋಗುತ್ತದೆ. ಮುಂಬೈಯ ಹಳೆ ಚರಂಡಿಗಳು ಗಂಟೆಗೆ 25 ಮಿಮೀ ಮಳೆಯ ಲೆಕ್ಕದವು. ಅದನ್ನು 50ಕ್ಕೆ ಏರಿಸಬೇಕು ಅಂತ ಬ್ರಿಮ್‌ಸ್ಟೊವ್ಯಾಡ್ (ಮುಂಬೈ ಮಳೆನೀರು ಚರಂಡಿ ಯೋಜನೆ) ವರದಿ ಬಂದದ್ದು 1993ರಲ್ಲಿ. ಕೆಲಸಕ್ಕೆ ವೇಗ ಸಿಕ್ಕಿದ್ದು 2005ರ ಜುಲೈ 26ರ ನಂತರ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಮೀ ಸುರಿದ ಮೇಲೆ. ನಮ್ಮ ಪುಣೆಯಲ್ಲಿ 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿತು. ಅಂಥ ಹಳ್ಳದ ಜಾಗ ಉಳಿಸುವುದೂ ಬಂಡವಾಳ ಖರ್ಚೇ. ದಯವಿಟ್ಟು ಅದನ್ನು ಬಿಡಬೇಡಿ.

ಕೋಥ್ರೂಡ್ ಕನ್ನಡಿಗ:
ಮೂರು ಶೀಟ್ ಮಾಡಿದೆ. ಮೊದಲ ವರ್ಷದ ಗುಡ್ಡ ಕರಗಿತು! ಆದರೆ ಕೊನೆಯಲ್ಲಿ ಒಂದು ದಿಬ್ಬ ಹಾಗೇ ಇದೆ. ಹರವು ಹೆಚ್ಚಿಸಿ ಸಪಾಟು ಮಾಡಲಾ?

ನೀರಗಂಟಿ, ಮುಲುಂಡ್:
ಬೇಡ ತಮ್ಮಾ. ಆ ದಿಬ್ಬ ನಿಜವಾದದ್ದು. ಒಂದೇ ಸ್ಕೀಮಿನಲ್ಲಿ ನಾಲ್ಕೈದು ವರ್ಷಕ್ಕೆ ಊರೆಲ್ಲ ಪೈಪು ಹಾಕಿದರೆ ಹಾಗೇ ಬರುತ್ತದೆ. ಅದನ್ನು ತೋರಿಸಿ, ಇವತ್ತಿನಿಂದಲೇ ನೀರಿನ ದರದಲ್ಲಿ ಒಂದು ಪಾಲು ಬೇರೆ ಖಾತೆಗೆ ಇಡಿ ಅಂತ ಕೇಳು. ಸಾಲ ತಂದರೆ ಅಸಲು-ಬಡ್ಡಿಯೂ ಶೀಟ್‌ನಲ್ಲಿ ಬರಲಿ. ಪುಣೆ ಪಾಲಿಕೆ 2017ರಲ್ಲಿ 24 ಗಂಟೆ ನೀರಿನ ಯೋಜನೆಗೆ ಶೇ 7.59 ಬಡ್ಡಿಯಲ್ಲಿ 200 ಕೋಟಿಯ 10 ವರ್ಷದ ಬಾಂಡ್ ತಂದಿತಲ್ಲ, ತೀರಿಸುವ ವರ್ಷವೂ ಖರ್ಚಿನ ವರ್ಷವೇ.

ಪೈಪಿಗೆ ಯಾವ ಬೆಲೆ ಹಾಕಿದ್ದೀಯಾ?

ಕೋಥ್ರೂಡ್ ಕನ್ನಡಿಗ:
ಲೆಕ್ಕಪತ್ರ ವಿಭಾಗ ಕೊಟ್ಟ ಬೆಲೆ... ಅಂದರೆ ಹಾಕಿದ ಕಾಲದ್ದು.

ನೀರಗಂಟಿ, ಮುಲುಂಡ್:
ಅದನ್ನು ಇವತ್ತೇ ಬದಲಿಸು. ಈಗಿನ ದರಪಟ್ಟಿಯ ಬೆಲೆ ಬೇಕು, ರಸ್ತೆ ಅಗೆದು ಮತ್ತೆ ಮುಚ್ಚುವ ಖರ್ಚಿನ ಜೊತೆಗೆ. ಯಾವ ರಸ್ತೆಗೆ ಕಾಂಕ್ರೀಟ್ ಬರಲಿದೆ ಅಂತಲೂ ಕೇಳು. ಅದರಡಿಯ ಹಳೆ ಪೈಪುಗಳನ್ನು ಕಾಂಕ್ರೀಟ್ ಬೀಳುವ ಮೊದಲೇ ಬದಲಿಸುವಂತೆ ಇಟ್ಟುಕೋ.

ಕೋಥ್ರೂಡ್ ಕನ್ನಡಿಗ:
ಆಯಿತು ಸರ್. ರಸ್ತೆ ಪಟ್ಟಿಗೆ ಈಗಷ್ಟೇ ಪತ್ರ ಬರೆದೆ. ನಾಳೆ ಬೆಳಗ್ಗೆ 5 ಗಂಟೆಗೆ ವಾಲ್ವ್‌ಮನ್ ಜೊತೆ ಹೊರಡುತ್ತಿದ್ದೇನೆ. ಖಾಲಿ ಸಾಲುಗಳ ಪ್ರಿಂಟ್ ತೆಗೆದಿಟ್ಟಿದ್ದೇನೆ.