ಪದಚರ್ಚೆ: 'ಕಾಂಬಿನಟೋರಿಕ್ಸ್' – ಫಲಕಕ್ಕೆ ಸಂಜೆಯೊಳಗೆ ಪದ ಬೇಕು

ಹುಬ್ಬಳ್ಳಿಯಿಂದ:
ಶಾಲೆಯ ಗಣಿತ ಪ್ರದರ್ಶನಕ್ಕೆ ಎಸ್. ಎಸ್. ಶ್ರೀಖಂಡೆ ಅವರ ಫಲಕ ಬರೆಯುತ್ತಿದ್ದೇನೆ. ಹುಟ್ಟಿದ್ದು 1917, ಸಾಗರ (ಮಧ್ಯಪ್ರದೇಶದ್ದು, ಶಿವಮೊಗ್ಗ ಜಿಲ್ಲೆಯದಲ್ಲ). 1950ರಲ್ಲಿ ನಾರ್ತ್ ಕರೋಲಿನಾದಲ್ಲಿ ಆರ್. ಸಿ. ಬೋಸ್ ಅವರ ಬಳಿ ಪಿಎಚ್.ಡಿ., ಮುಂದೆ ಬನಾರಸ್, ಮುಂಬೈ, 2020ರಲ್ಲಿ ನಿಧನ. ಇಷ್ಟು ಸುಲಭವಾಗಿ ಬಂತು. ಅವರ ಕ್ಷೇತ್ರ ಕಾಂಬಿನಟೋರಿಕ್ಸ್, ಅಂದರೆ ವಸ್ತುಗಳನ್ನು ಆಯುವ, ಜೋಡಿಸುವ ಬಗೆಗಳ ಗಣಿತ. ಅದಕ್ಕೆ ಕನ್ನಡ ಪದ ಸಿಗದೆ ಶೀರ್ಷಿಕೆಯಲ್ಲಿ ಸಿಕ್ಕಿಬಿದ್ದಿದ್ದೇನೆ. 'ಸಂಯೋಜನಾ ಗಣಿತಜ್ಞ' ಎಂದರೆ ಪಾಲಕರು ಕಾರ್ಯಕ್ರಮ ಸಂಯೋಜಕರೆಂದು ಓದುತ್ತಾರೆ. ಪಠ್ಯದ 'ವಿಕಲ್ಪ' (ಕಾಂಬಿನೇಷನ್) ಒಂದು ಅಧ್ಯಾಯಕ್ಕೆ ಸಾಕು, ಇಡೀ ಶಾಖೆಗೆ ಸಾಲದು. ಫ್ಲೆಕ್ಸ್ ಮುದ್ರಿಸುವವರು ಆರು ಗಂಟೆಯವರೆಗೆ ಕಾಯುತ್ತಾರೆ.

ಗದಗದಿಂದ:
ಸಂಸ್ಕೃತದ ಹಂಗೇಕೆ? 'ಹೊಂದಿಕೆಯೆಣಿಕೆ' ಎನ್ನಿ. ಹಳಗನ್ನಡದ ಪೊಂದು, ಇಂದಿನ ಹೊಂದು, ಎರಡೂ ಅಚ್ಚಗನ್ನಡ. ಫಲಕದಲ್ಲಿರುವ 'ಲ್ಯಾಟಿನ್ ಚೌಕ' (ಪ್ರತಿ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಒಂದೊಂದು ಅಕ್ಷರ ಒಂದೇ ಸಲ ಬರುವ ಚೌಕ) ಎಂಬುದನ್ನೂ ತೆಗೆದು 'ಅಕ್ಕರಚೌಕ' ಮಾಡಿ. ಎರವಲು ತಂದು ತಂದು ನಮ್ಮ ಧಾತುಗಳೇ ತುಕ್ಕು ಹಿಡಿಯುತ್ತಿವೆ.

ಹಾವೇರಿಯಿಂದ:
ಭಾಸ್ಕರಾಚಾರ್ಯರ 'ಅಂಕಪಾಶ' ಇರುವಾಗ ಹೊಸದನ್ನು ಹೊಸೆಯುವುದು ಬೇಡ.

ಧಾರವಾಡದಿಂದ:
ಎರಡೂ ಬೇಡ. ಲೀಲಾವತಿಯ ಅಂಕಪಾಶ ಅಂಕಿಗಳ ಅದಲುಬದಲಿನ ಲೆಕ್ಕ. ಅದನ್ನು ಈ ಶಾಖೆಗೆಲ್ಲ ಹಿಗ್ಗಿಸಲಾಗದು.

'ಎಣಿಕೆ' ಅದಕ್ಕಿಂತ ದೊಡ್ಡ ತಪ್ಪು. ಶ್ರೀಖಂಡೆ ಕೇಳಿದ್ದು 'ಎಷ್ಟು ಬಗೆ' ಎಂದಲ್ಲ, 'ಅಂಥದ್ದೊಂದು ಇದೆಯೇ' ಎಂದು. ಆರು ದಳ, ಆರು ಹುದ್ದೆ, ಪ್ರತಿ ದಳದಿಂದ ಹುದ್ದೆಗೊಬ್ಬರಂತೆ 36 ಅಧಿಕಾರಿಗಳನ್ನು 6×6 ಚೌಕದಲ್ಲಿ, ಪ್ರತಿ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ದಳ, ಹುದ್ದೆ ಮರುಕಳಿಸದಂತೆ ನಿಲ್ಲಿಸಬಹುದೇ? ಆಗದು ಎಂದು 1782ರಲ್ಲಿ ಗಣಿತಜ್ಞ ಆಯ್ಲರ್ ಊಹಿಸಿದರು. 1901ರಲ್ಲಿ ಟ್ಯಾರಿ ಎಂಬವರು ಆಗದೆಂದೇ ಸಾಧಿಸಿ ತೋರಿಸಿದರು. ಆದರೆ ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುವ 10, 14, 18ರಂಥ ಸಂಖ್ಯೆಗಳಿಗೂ ಆಗದು ಎಂದಿದ್ದರಲ್ಲ ಆಯ್ಲರ್, ಅದನ್ನು ಬೋಸ್, ಶ್ರೀಖಂಡೆ, ಪಾರ್ಕರ್ 1959ರಲ್ಲಿ ಪೂರ್ತಿ ಉರುಳಿಸಿದರು. ಆರರ ಆಚೆಗಿನ ಅಂಥ ಪ್ರತಿಯೊಂದು ಸಂಖ್ಯೆಗೂ ಜೋಡಣೆ ಇದೆ. ಎಣಿಸಿ ಗೆದ್ದದ್ದಲ್ಲ, ಕಟ್ಟಿ ತೋರಿಸಿ ಗೆದ್ದದ್ದು. ಆದ್ದರಿಂದ ಈ ಫಲಕಕ್ಕೆ 'ವಿನ್ಯಾಸ ಗಣಿತ'ವೇ ಸರಿ. ಹೊಲದ ಪ್ರಯೋಗಗಳಲ್ಲಿ ತಾಕುಗಳಿಗೆ ತಳಿ ಹಂಚುವುದೂ ಇದೇ ಚೌಕಗಳಿಂದ. ಕೃಷಿ ವಿಶ್ವವಿದ್ಯಾಲಯ ಇರುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಲ್ಯಾಟಿನ್ ಚೌಕವನ್ನು ಮುಟ್ಟಬೇಡಿ. ಆಯ್ಲರ್ ಮನೆಗಳನ್ನು ತುಂಬಿದ್ದು ಲ್ಯಾಟಿನ್ ಅಕ್ಷರಗಳಿಂದ. ಹೆಸರಿನಲ್ಲಿ ಆ ಕಥೆ ಇದೆ. ಗದಗದವರು ಅಚ್ಚಗನ್ನಡವೆಂದು ಉಳಿಸಿಕೊಂಡ 'ಚೌಕ' ಸಂಸ್ಕೃತದ ಚತುಷ್ಕದ ತದ್ಭವ, 'ಅಕ್ಕರ' ಅಕ್ಷರದ ತದ್ಭವ. ಅವು ಕನ್ನಡವಾಗಬಹುದಾದರೆ ಲ್ಯಾಟಿನ್ ಏಕಾಗದು?

ಗದಗದಿಂದ:
ತದ್ಭವ ನಾಲಿಗೆಯಲ್ಲಿ ಸವೆದು ನಮ್ಮದಾಗುತ್ತದೆ. 'ವಿನ್ಯಾಸ' ಸವೆದಿಲ್ಲ. ಒಪ್ಪುವುದಿಲ್ಲ.

ಹುಬ್ಬಳ್ಳಿಯಿಂದ:
'ವಿನ್ಯಾಸ ಗಣಿತಜ್ಞ ಶ್ರೀಖಂಡೆ' ಎಂದು ಕಳುಹಿಸಿದೆ. ಲ್ಯಾಟಿನ್ ಚೌಕ ಹಾಗೆಯೇ ಇದೆ.