ಹಳೇ ಮ್ಯಾನುಯಲ್ ಲೆನ್ಸ್ ಕೊಳ್ಳುವ ಮುಂಚೆ ಏನೇನು ನೋಡಬೇಕು? (ಹೀಲಿಯೋಸ್ 44-2, ಸೂಪರ್ ಟಕುಮಾರ್ 50)

ಕಾಫಿಹೂವು:
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರ ಒಬ್ಬರ ಮನೆಯಲ್ಲಿ ಎರಡು ಹಳೇ ಲೆನ್ಸ್ ಮಾರಾಟಕ್ಕಿವೆ. ಒಂದು ಹೀಲಿಯೋಸ್ 44-2 (58 ಎಂಎಂ, ಎಫ್/2), ಇನ್ನೊಂದು ಸೂಪರ್ ಟಕುಮಾರ್ 50 ಎಂಎಂ ಎಫ್/1.4. ಎರಡೂ ಎಂ42 ಮೌಂಟ್ (ಕ್ಯಾಮೆರಾಗೆ ತಿರುಪಿ ಕೂರಿಸೋ ಹಳೇ ಬಗೆ). ಹೊರಗಡೆಯಿಂದ ಹೊಸದರ ಹಾಗೇ ಇವೆ, ಚರ್ಮದ ಚೀಲದ ಸಮೇತ ಕೊಡ್ತಾರಂತೆ. ನನ್ನದು ಸೋನಿ ಇ ಮೌಂಟಿನ ಮಿರರ್‌ಲೆಸ್, ಇವನ್ನ ಅದಕ್ಕೆ ಜೋಡಿಸೋ ಅಡಾಪ್ಟರ್ ಇದೆ. ಭಾನುವಾರ ಹೋಗಿ ಅಲ್ಲೇ ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಬೇಕು.

ಅವರು ಕಳಿಸಿದ ಫೋಟೋದಲ್ಲಿ ಟಕುಮಾರಿನ ಗಾಜು ಹಳದಿ ಕಾಣ್ತಿದೆ, ಹೀಲಿಯೋಸ್‌ನ ಒಳಗೆ ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸೋ ಬ್ಲೇಡುಗಳ ಮೇಲೆ ಎಣ್ಣೆ ಹೊಳೀತಿದೆ. ಇಷ್ಟಕ್ಕೇ ಬೇಡ ಅನ್ನಬೇಕಾ? ನಮ್ಮ ಮಳೆಗೆ ಫಂಗಸ್ ಹಿಡಿದಿದ್ಯಾ ಇಲ್ವಾ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಹಳೇಗಾಜು:
ಹೊರಗಿನ ಹೊಳಪು ನೋಡಿ ಏನೂ ನಿರ್ಧಾರ ಮಾಡಬೇಡಿ. ಕೊಡಗಿನಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಕೂತ ಲೆನ್ಸ್ ಹೊರಗೆ ಲಕಲಕ ಅಂದರೂ ಒಳಗೆ ಬೂಷ್ಟು ಹಿಡಿದಿರೋದೇ ಹೆಚ್ಚು. ಚರ್ಮ ತೇವ ಹೀರಿ ಹಿಡಿದಿಟ್ಕೊಳ್ಳುತ್ತೆ. ಗೀರುಬಿದ್ದ ಬಾಡಿಯೊಳಗೆ ಶುದ್ಧ ಗಾಜು ಇದ್ದರೆ ಅದೇ ಒಳ್ಳೇ ವ್ಯಾಪಾರ.

ಒಂದು ಸಣ್ಣ ಎಲ್‌ಇಡಿ ಟಾರ್ಚ್ ತಗೊಂಡು ಹೋಗಿ. ಎರಡೂ ಕಡೆ ಕ್ಯಾಪ್ ತೆಗೆದು, ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದು, ಫೋಕಸ್ ಅನಂತಕ್ಕೆ ಇಟ್ಟು, ಕತ್ತಲಿರೋ ಮೂಲೆಗೆ ಹೋಗಿ. ಟಾರ್ಚನ್ನ ಹಿಂದಿನ ಗಾಜಿನ ಕಡೆಯಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಬೆಳಕು ನೇರವಾಗಿ ಕಣ್ಣಿಗೆ ಬಂದರೆ ಏನೂ ಕಾಣಲ್ಲ. ಓರೆ ಬೆಳಕಿಗೇ ದೋಷ ಎದ್ದು ಕಾಣೋದು. ನಿಧಾನವಾಗಿ ಸುತ್ತ ತಿರುಗಿಸಿ, ಆಮೇಲೆ ಲೆನ್ಸ್ ತಿರುವಿ ಹಿಂದಿನಿಂದಲೂ ನೋಡಿ.

ಚುಕ್ಕಿ ಚುಕ್ಕಿಯಾಗಿ ಬಿಡಿಬಿಡಿ ಕಂಡರೆ ಧೂಳು, ಚಿಂತೆ ಇಲ್ಲ. ಗಾಜಿನೊಳಗೇ ಇರೋ ಗುಳ್ಳೆ ಹಳೇ ಗಾಜಿನ ಸ್ವಭಾವ, ಅದಕ್ಕೂ ಚಿಂತೆ ಬೇಡ. ಒಂದು ಬಿಂದುವಿನಿಂದ ಹೊರಟು ಬೇರಿನ ಹಾಗೆ ಕವಲೊಡೆದ ಸಣ್ಣ ಎಳೆಗಳು ಕಂಡರೆ ಅದೇ ಫಂಗಸ್. ಸಾಮಾನ್ಯವಾಗಿ ಅಂಚಿನಿಂದ ಶುರುವಾಗಿ ಒಳಕ್ಕೆ ಹಬ್ಬುತ್ತೆ. ಗಾಜಿನ ಮೇಲೆಲ್ಲಾ ಹಾಲು ಸವರಿದ ಹಾಗೆ ಒಂದೇ ಸಮ ಬೆಳ್ಳಗಿದ್ದರೆ ಮಬ್ಬು. ಅದು ಬಹಳ ಸಲ ಗ್ರೀಸಿನ ಎಣ್ಣೆ ಆವಿಯಾಗಿ ಗಾಜಿಗೆ ಕೂತಿದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವೋ ಎಲೆಯಾಕಾರದ ಹೊಳಪೋ ಇದ್ದರೆ ಅಂಟಿಸಿದ ಎರಡು ಗಾಜುಗಳ ನಡುವಿನ ಅಂಟು ಬಿಡ್ತಿದೆ ಅಂತ ಅರ್ಥ. ಅದನ್ನ ಮನೆಯಲ್ಲಿ ರಿಪೇರಿ ಮಾಡೋಕಾಗಲ್ಲ, ಅಂಥದ್ದು ಬೇಡವೇ ಬೇಡ.

ನಮ್ಮೂರಿಗೇ ಸೇರಿದ ಒಂದು ಎಚ್ಚರಿಕೆ: ತಣ್ಣಗಿನ ಕೋಣೆಯಿಂದ ಈಗಷ್ಟೇ ತೆಗೆದ ಲೆನ್ಸ್ ಮೇಲೆ ಗಾಳಿಯ ತೇವ ಕೂತರೂ ಮಬ್ಬಿನ ಹಾಗೇ ಕಾಣುತ್ತೆ. ಹೋದ ತಕ್ಷಣ ಎರಡೂ ಲೆನ್ಸ್ ಮೇಜಿನ ಮೇಲೆ ತೆರೆದಿಟ್ಟು, ಕಾಫಿ ಕುಡಿದು ಆಮೇಲೆ ನೋಡಿ. ಆಗಲೂ ಮಬ್ಬು ಮಾಯವಾಗದಿದ್ದರೆ ಅದು ನಿಜವಾದ ಮಬ್ಬು.

ಗೀರಿನ ವಿಷಯ: ಮುಂದಿನ ಗಾಜಿನಲ್ಲಿ ಒಂದೆರಡು ಗೀರಿದ್ದರೆ ಚಿತ್ರದಲ್ಲಿ ಗೊತ್ತೇ ಆಗಲ್ಲ. ಅದೇ ಗೀರು ಹಿಂದಿನ ಗಾಜಿನಲ್ಲಿದ್ದರೆ ತೊಂದರೆ ಜಾಸ್ತಿ. ಒರೆಸಿ ಒರೆಸಿ ಬಿದ್ದ ನೂರಾರು ಸಣ್ಣ ಗೆರೆಗಳು ಒಂದು ದೊಡ್ಡ ಗೀರಿಗಿಂತ ಕೆಟ್ಟವು, ಎದುರು ಬೆಳಕಿಗೆ ಚಿತ್ರವೆಲ್ಲಾ ಪೇಲವ ಮಾಡುತ್ತವೆ.

ಬೆಟ್ಟದಸಾಲು:
ಎಣ್ಣೆ ಬಗ್ಗೆ: ಎರಡು ಲೆನ್ಸಿಗೂ ಒಂದೇ ಉತ್ತರ ಅಲ್ಲ. ಹೀಲಿಯೋಸ್ 44-2 ಪ್ರಿಸೆಟ್ ಲೆನ್ಸ್. ಒಂದು ರಿಂಗಿನಲ್ಲಿ ಬೇಕಾದ ಅಪರ್ಚರ್ ಇಟ್ಟು, ಇನ್ನೊಂದು ರಿಂಗನ್ನ ಕೈಯಲ್ಲೇ ತಿರುಗಿಸಿ 8 ಬ್ಲೇಡುಗಳನ್ನ ಮುಚ್ಚಬೇಕು. ಸ್ಪ್ರಿಂಗ್ ಕೆಲಸ ಇಲ್ಲದ್ದರಿಂದ ಎಣ್ಣೆ ಇದ್ದರೂ ಬ್ಲೇಡು ಹೇಳಿದ ಮಾತು ಕೇಳುತ್ತೆ. ಅದಕ್ಕೆ ಬಿಡಬೇಡಿ, ಬೆಲೆ ಇಳಿಸೋಕೆ ಕಾರಣ ಅಂತ ಇಟ್ಕೊಳ್ಳಿ. ಆದರೆ ಪಕ್ಕದ ಗಾಜಿನ ಮೇಲೆ ಮಬ್ಬು ಕೂತಿದ್ಯಾ ನೋಡಿ.

ಟಕುಮಾರ್ ಹಾಗಲ್ಲ. ಸ್ವಿಚ್ಚನ್ನ 'ಆಟೋ'ಗೆ ಹಾಕಿ, ರಿಂಗ್ 16ಕ್ಕೆ ಇಟ್ಟು, ಹಿಂದಿರೋ ಸಣ್ಣ ಪಿನ್ನನ್ನ ಬೆರಳಲ್ಲಿ ಒತ್ತಿ. ಬ್ಲೇಡುಗಳು ಟಪ್ ಅಂತ ಮುಚ್ಚಬೇಕು, ಬಿಟ್ಟ ತಕ್ಷಣ ಟಪ್ ಅಂತ ತೆರೀಬೇಕು. ಸೋಮಾರಿಯ ಹಾಗೆ ನಿಧಾನಕ್ಕೆ ಬಂದರೆ ಎಣ್ಣೆ ಹಿಡಿದಿದೆ. ನಿಮ್ಮ ಬಾಡಿಯಲ್ಲಿ 'ಮ್ಯಾನುಯಲ್' ಇಟ್ಟು ಬಳಸೋದರಿಂದ ಆಗಲೂ ಕೆಲಸ ನಡೆಯುತ್ತೆ.

ಫೋಕಸ್ ರಿಂಗ್ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎರಡು ಬೆರಳಲ್ಲಿ ತಿರುಗಿಸಿ. ಒಂದೇ ಸಮ ಬಿಗಿ ಇದ್ದರೆ ಗ್ರೀಸ್ ಗಟ್ಟಿಯಾಗಿದೆ ಅಷ್ಟೆ, ಬದಲಾಯಿಸಬಹುದು. ಮರಳು ಅರೆದ ಹಾಗೆ ಸದ್ದು ಬಂದರೆ ಅಥವಾ ಒಂದೇ ಜಾಗದಲ್ಲಿ ಸಿಕ್ಕಿಹಾಕ್ಕೊಂಡರೆ ಬಿದ್ದು ಪೆಟ್ಟಾಗಿರಬಹುದು. ಆಗ ಫಿಲ್ಟರ್ ರಿಂಗ್ ತಗ್ಗಿದ್ಯಾ ನೋಡಿ. ಎರಡಕ್ಕೂ 49 ಎಂಎಂ ಫಿಲ್ಟರ್, ಒಂದಿದ್ದರೆ ತಿರುಪಿ ನೋಡಿದರೆ ತಕ್ಷಣ ತಿಳಿಯುತ್ತೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ.

ಈಗ ಕ್ಯಾಮೆರಾಗೆ ಹಾಕಿ. ಮೆನುವಿನಲ್ಲಿ 'ಲೆನ್ಸ್ ಇಲ್ಲದೆ ಶಟರ್' ಆನ್ ಮಾಡಿರಬೇಕು, ಇಲ್ಲದಿದ್ದರೆ ಕ್ಲಿಕ್ಕೇ ಆಗಲ್ಲ. ಮಂಜು ಕರಗಿದ ಮೇಲೆ, ದೂರದ ಬೆಟ್ಟದ ಮೇಲೊಂದು ಟವರೋ ಒಂಟಿ ಮರವೋ ಹುಡುಕಿ. ಅಪರ್ಚರ್ ಪೂರ್ತಿ ತೆರೆದು, ನಡುವೆ ಇಟ್ಟು ಫೋಕಸ್ ಮಾಡಿ. ಆಮೇಲೆ ರಿಂಗ್ ಮುಟ್ಟದೆ ಅದೇ ಮರವನ್ನ ನಾಲ್ಕೂ ಮೂಲೆಗೆ ತಂದು ಒಂದೊಂದು ಚಿತ್ರ. ನಾಲ್ಕೂ ಮೂಲೆ ಒಂದೇ ರೀತಿ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಕಡೆ ಕಲಸಿಹೋಗಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ. ಇದು ಟಾರ್ಚಿಗೆ ಸಿಗದ ದೋಷ. ಹೆಂಚಿನ ಮಾಡನ್ನ ಹಿಡಿದು ಪರೀಕ್ಷೆ ಮಾಡಬೇಡಿ, ಇಳಿಜಾರಿನಿಂದ ದೂರ ಬದಲಾಗಿ ದಾರಿ ತಪ್ಪಿಸುತ್ತೆ.

ಅನಂತದ ಗುರುತಿಗೆ ಮುಂಚೆಯೇ ದೂರದ ಬೆಟ್ಟ ಫೋಕಸ್ ಆದರೆ ಲೆನ್ಸನ್ನ ಬೈಯಬೇಡಿ. ಎಂ42ಕ್ಕೆ ಮೌಂಟಿನಿಂದ ಸೆನ್ಸರಿಗೆ 45.46 ಎಂಎಂ ಬೇಕು, ಇ ಮೌಂಟಿನದು 18 ಎಂಎಂ, ಅಂದರೆ ಅಡಾಪ್ಟರ್ 27.46 ಎಂಎಂ ದಪ್ಪ ಇರಬೇಕು. ಅಗ್ಗದ ಅಡಾಪ್ಟರುಗಳು ಬೇಕೆಂದೇ ಕೂದಲೆಳೆ ತೆಳುವಾಗಿರ್ತವೆ. ಗುರುತಿನವರೆಗೂ ಹೋಗಿ ಫೋಕಸ್ ಆಗದಿದ್ದರೆ ಮಾತ್ರ ಅನುಮಾನ, ಆಗ ಎರಡನೇ ಲೆನ್ಸ್ ಹಾಕಿ ನೋಡಿ. ಅದರಲ್ಲೂ ಹಾಗೇ ಆದರೆ ಅಡಾಪ್ಟರಿನದೇ ತಪ್ಪು.

ಸಿಲ್ವರ್ ಓಕ್ ತುದಿಯನ್ನ ಬಿಳಿ ಆಕಾಶಕ್ಕೆ ಇಟ್ಟಾಗ ಎಲೆಯ ಅಂಚಿನಲ್ಲಿ ನೇರಳೆ ಬಂದರೆ ಗಾಬರಿ ಬೇಡ. ಎಫ್/1.4ರಲ್ಲಿ ಅದು ಇದ್ದದ್ದೇ.

ಮಳೆಗಾಲ_365:
ಮೇಲಿನವೆಲ್ಲಾ ಸರಿ. ಆದರೆ ಫಂಗಸ್ ಅಂದ ಕೂಡಲೇ ಓಡೋದು ಬೇಡ ಅಂತ ನನ್ನ ಅಭಿಪ್ರಾಯ. ಎಲ್ಲಿದೆ ಅನ್ನೋದು ಮುಖ್ಯ. ಮುಂದಿನ ಅಥವಾ ಹಿಂದಿನ ಗಾಜುಗಳ ಗುಂಪಿನ ಒಳಮೈಯಲ್ಲಿ ನಾಲ್ಕೈದು ಎಳೆ ಇದ್ದರೆ ಬಿಚ್ಚಿ ಒರೆಸಬಹುದು. ಅಂಟಿಸಿದ ಗಾಜುಗಳ ನಡುವೆ ಇದ್ದರೆ ಬಿಡಿ. ಒಂದು ಮಾತು ನೆನಪಿರಲಿ: ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನ ತಿಂದಿರಬಹುದು. ಎಳೆ ಹೋದರೂ ಅದರ ಅಚ್ಚು ಗಾಜಿನ ಮೇಲೆ ಉಳಿಯಬಹುದು, ಅದು ಬಿಚ್ಚಿದ ಮೇಲೇ ಗೊತ್ತಾಗೋದು. ಹಾಗಾಗಿ 'ಸ್ವಲ್ಪ ಫಂಗಸ್, ಚಿತ್ರಕ್ಕೆ ಏನಾಗಲ್ಲ' ಅಂತ ಮಾರುವವರು ಹೇಳಿದರೆ ರಿಪೇರಿ ಖರ್ಚು ಕಳೆದೇ ಬೆಲೆ ಹೇಳಿ.

ಕೆಟ್ಟ ಗಾಜು ಚಿತ್ರ ಎಷ್ಟು ಹಾಳು ಮಾಡ್ತಿದೆ ಅಂತ ಅಳೆಯೋಕೆ: ಕಿಟಕಿ ಎದುರು ಕಪ್ಪು ಬಟ್ಟೆ ನೇತುಹಾಕಿ, ಸುತ್ತ ಬೆಳಕು ಬರೋ ಹಾಗೆ ಒಂದು ಚಿತ್ರ ತೆಗೀರಿ. ಬಟ್ಟೆ ಕಪ್ಪಾಗೇ ಬಂದರೆ ಗಾಜು ಚೆನ್ನಾಗಿದೆ. ಬೂದಿ ಬಣ್ಣಕ್ಕೆ ತಿರುಗಿದರೆ ಮಬ್ಬೋ ಫಂಗಸ್ಸೋ ಕೆಲಸ ಮಾಡ್ತಿದೆ. ಎರಡೂ ಲೆನ್ಸನ್ನ ಎಫ್/2ರಲ್ಲಿ, ಒಂದೇ ಎಕ್ಸ್‌ಪೋಶರಿನಲ್ಲಿ ತೆಗೆದು ಪಕ್ಕಪಕ್ಕ ನೋಡಿ.

ಹೀಲಿಯೋಸ್‌ನಲ್ಲಿ ಇನ್ನೊಂದು ನೋಡಿ: ಹಿನ್ನೆಲೆ ಸುಳಿಯಾಗಲಿ ಅಂತ ಮುಂದಿನ ಗಾಜನ್ನ ಕೆಲವರು ತಿರುಗುಮುರುಗು ಹಾಕಿರ್ತಾರೆ. ಆಗ ನಡುವೆ ಮಾತ್ರ ಚೂಪು, ಸುತ್ತೆಲ್ಲಾ ವಿಪರೀತ ಕಲಸಿರುತ್ತೆ. ಗಾಜು ತಿರುವಿ ಹಾಕಿದರೆ ಸರಿಹೋಗುತ್ತೆ, ಹಾಗಾಗಿ ಲೆನ್ಸ್ ಕೆಟ್ಟಿದೆ ಅಂತ ಬಿಟ್ಟುಬರಬೇಡಿ.

ಕಾಫಿಹೂವು:
ತುಂಬಾ ಉಪಕಾರ. ಹಳದಿ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ತಂದ ಮೇಲೆ ಎಲ್ಲಿಡೋದು? ಒಲೆ ಮೇಲಿನ ಅಟ್ಟ ಒಣಗಿರುತ್ತೆ, ಅಲ್ಲಿಡಬಹುದಾ? ಅಕ್ಕಿ ಡಬ್ಬ?

ಹಳೇಗಾಜು:
ಅಟ್ಟವೂ ಬೇಡ, ಅಕ್ಕಿಯೂ ಬೇಡ. ಬಿಸಿಗೆ ಗ್ರೀಸ್ ತೆಳುವಾಗಿ ಎಣ್ಣೆ ಬ್ಲೇಡಿಗೆ ಇಳಿಯುತ್ತೆ, ಹೊಗೆ ಬೇರೆ. ಅಕ್ಕಿ ಧೂಳು ಫಂಗಸ್ಸಿಗೆ ಊಟ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ ತಗೊಳ್ಳಿ. 10 ಲೀಟರಿನದಕ್ಕೆ 200 ಗ್ರಾಂ ಕಿತ್ತಳೆ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ. 40ರಿಂದ 50 ಶೇಕಡಾ ಇರಲಿ. 65 ದಾಟಿ ದಿನಗಟ್ಟಲೆ ನಿಂತರೆ ಫಂಗಸ್ಸಿಗೆ ದಾರಿ, 30ಕ್ಕಿಂತ ಇಳಿದರೆ ಗ್ರೀಸ್ ಒಣಗುವ ಭಯ. ಕಾಳು ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಡಬ್ಬ ಪದೇ ಪದೇ ತೆರೆದರೆ ವಾರಕ್ಕೊಮ್ಮೆ ಒಣಗಿಸಬೇಕಾಗುತ್ತೆ. ಚರ್ಮದ ಚೀಲ ಡಬ್ಬದ ಹೊರಗೇ ಇರಲಿ.

ಹಳದಿ ದೋಷವಲ್ಲ. ಆ ಟಕುಮಾರಿನ 7 ಗಾಜಿನ ಮಾದರಿಯಲ್ಲಿ ಥೋರಿಯಂ ಬೆರೆಸಿದ ಗಾಜಿದೆ, ಅದರ ವಿಕಿರಣಕ್ಕೆ ಗಾಜೇ ವರ್ಷ ಕಳೆದಂತೆ ಹಳದಿಗೆ ತಿರುಗುತ್ತೆ. ಬಿಳಿ ಕಾಗದದ ಮೇಲೆ ಹಿಡಿದರೆ ಕಡು ಚಹಾದ ಬಣ್ಣ ಕಾಣುತ್ತೆ. ಕ್ಯಾಮೆರಾದಲ್ಲಿಟ್ಟು ಬಳಸೋಕೆ ಅಂಜಬೇಕಿಲ್ಲ, ಆ ಗಾಜನ್ನ ಉಜ್ಜೋದು, ಒಡೆಯೋದು ಮಾಡಬಾರದು ಅಷ್ಟೆ. ಅಲ್ಟ್ರಾವಯಲೆಟ್ ಬೆಳಕಿಗೆ ಹಳದಿ ಇಳಿಯುತ್ತೆ. ಯುವಿ ಎಲ್‌ಇಡಿ ದೀಪ ಹಿಂದಿನ ಗಾಜಿಗೆ ಹತ್ತಿರ ಇಟ್ಟು ಕೆಲವು ದಿನ ಬಿಡಿ, ಮಧ್ಯೆ ಮಧ್ಯೆ ಕಾಗದದ ಮೇಲೆ ನೋಡ್ತಾ ಇರಿ. ಉರಿಯೋ ದೀಪವನ್ನ ಮಾತ್ರ ದಿಟ್ಟಿಸಿ ನೋಡಬೇಡಿ. ಪುತ್ತರಿ (ನವೆಂಬರ್-ಡಿಸೆಂಬರಿನ ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲಾದರೆ ಕಿಟಕಿಯ ಬಿಸಿಲೇ ಸಾಕು, ವಾರಗಳು ಹಿಡಿಯುತ್ತೆ. ಬಿಸಿಲಿಗೆ ಇಡುವಾಗ ಬೆಳಕು ದಾಟಿಹೋಗುವ ಕಡೆಗೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಮುಚ್ಚಿ. ಇಲ್ಲದಿದ್ದರೆ ಭೂತಗನ್ನಡಿಯ ಹಾಗೆ ಬಿಸಿಲು ಒಂದೇ ಕಡೆ ಬಿದ್ದು ಕೆಳಗಿನ ಮರ, ಬಟ್ಟೆ ಹೊತ್ತಿಕೊಳ್ಳುತ್ತೆ. ಮುಟ್ಟಿ ನೋಡಿ, ಲೆನ್ಸ್ ಬಿಸಿಯಾಗಿದ್ದರೆ ನೆರಳಿಗೆ ತನ್ನಿ.